ಊರಿನ ಹೆಗ್ಗುರುತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ನಂಬರ್, ರಸ್ತೆಯ ಹೆಸರು, ಎಷ್ಟನೇ ಮಹಡಿ ಎಲ್ಲ ಬಿಡಿಸಿ ಹೇಳಿದ ಮೇಲೂ ಫೋನಿನ ಆ ಕಡೆಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹತ್ತಿರ ಲ್ಯಾಂಡ್‌ಮಾರ್ಕ್ ಏನಿದೆ?" ಕೇಳುವವನ ಕೈಯಲ್ಲೇ ನಕ್ಷೆ ಇರುತ್ತದೆ, ನಮ್ಮ ಮನೆಯ ಮೇಲೆ ಕೆಂಪು ಚುಕ್ಕಿಯೂ ಇರುತ್ತದೆ. ಆದರೂ ಕೇಳುತ್ತಾನೆ. ಯಾಕೆ ಎಂಬುದರ ಸುತ್ತ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ.

ಹೆಗ್ಗುರುತು ಎಂದರೆ ಸ್ಮಾರಕವೇ ಅಲ್ಲವೇ?

ಅಲ್ಲ. ಸ್ಮಾರಕವನ್ನು ಯಾರೋ ನಿರ್ಧರಿಸಿ ಕಟ್ಟಿಸುತ್ತಾರೆ. ಹೆಗ್ಗುರುತು ಜನರ ಬಾಯಲ್ಲಿ ಓಡಾಡಿ ಓಡಾಡಿ ತಾನಾಗಿ ಆಗುತ್ತದೆ. ಬಣ್ಣ ಮಾಸಿದ ನೀರಿನ ಟ್ಯಾಂಕು, ಅರ್ಧಕ್ಕೆ ನಿಂತ ಕಟ್ಟಡ, ಮೂಲೆಯ ಹಳೇ ಮರ, ಇವಕ್ಕೆಲ್ಲ ಯಾವ ಫಲಕವೂ ಇಲ್ಲ, ಟಿಕೆಟ್ಟೂ ಇಲ್ಲ. ಆದರೆ ದಾರಿ ಹೇಳುವಾಗ ಬಾಯಿಗೆ ಬರುವುದು ಅವೇ. ಅದೇ ರಸ್ತೆಯಲ್ಲಿ ಹಾರ ಹಾಕಿಸಿಕೊಂಡು ನಿಂತ ಪ್ರತಿಮೆಯ ಹೆಸರು ಅರ್ಧ ಜನಕ್ಕೆ ಗೊತ್ತಿರುವುದಿಲ್ಲ.

ಟೋಕಿಯೋದ ಶಿಬುಯಾ ನಿಲ್ದಾಣ ಜಗತ್ತಿನ ಅತಿ ಜನದಟ್ಟಣೆಯ ನಿಲ್ದಾಣಗಳಲ್ಲಿ ಒಂದು. ಸುತ್ತ ಗಾಜಿನ ಗೋಪುರಗಳು, ಗೋಡೆಯಷ್ಟು ದೊಡ್ಡ ಪರದೆಗಳು. ಆದರೆ "ಎಲ್ಲಿ ಸಿಗೋಣ?" ಎಂದರೆ ಜನ ಹೇಳುವುದು ಒಂದು ನಾಯಿಯ ಹೆಸರನ್ನು: ಹಾಚಿಕೊ. ಸತ್ತ ಯಜಮಾನನಿಗಾಗಿ ವರ್ಷಗಟ್ಟಲೆ ನಿಲ್ದಾಣದ ಮುಂದೆ ಕಾದ ನಾಯಿ ಅದು. 1934ರಲ್ಲಿ ಅದರ ಕಂಚಿನ ಪ್ರತಿಮೆ ನಿಂತಿತು. ಯುದ್ಧಕಾಲದಲ್ಲಿ ಲೋಹಕ್ಕೆಂದು ಅದನ್ನು ಕರಗಿಸಿದರು, 1948ರಲ್ಲಿ ಮತ್ತೆ ನಿಲ್ಲಿಸಿದರು. ನಿಲ್ದಾಣದ ಆ ಕಡೆಯ ಬಾಗಿಲಿಗೂ ನಾಯಿಯ ಹೆಸರೇ. ಸುತ್ತಲಿನ ಗೋಪುರಗಳ ಮುಂದೆ ಆ ಪ್ರತಿಮೆ ಎಲ್ಲಿ, ಎಷ್ಟು ಎತ್ತರ? ಅಲ್ಲಿ ಕಾಯುವವರಿಗೆ ಎತ್ತರ ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಯಾರಾದರೂ ಕ್ರಮವಾಗಿ ಅಧ್ಯಯನ ಮಾಡಿದ್ದಾರೆಯೇ?

ಮಾಡಿದ್ದಾರೆ. ಈ ವಿಷಯದ ಮೂಲಪುರುಷ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್. ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ಎಂಬ ಮೂರು ಊರುಗಳಲ್ಲಿ ಜನರನ್ನು ಕೂರಿಸಿಕೊಂಡು, "ನಿಮ್ಮ ಊರಿನ ನಕ್ಷೆ ಬರೆಯಿರಿ, ಮನೆಯಿಂದ ಕೆಲಸಕ್ಕೆ ಹೋಗುವ ದಾರಿ ಹೇಳಿ" ಎಂದು ಕೇಳಿದರು. ಬಾಸ್ಟನ್‌ನಲ್ಲಿ ಮೂವತ್ತರಷ್ಟು, ಉಳಿದೆರಡು ಊರುಗಳಲ್ಲಿ ಹದಿನೈದರಷ್ಟು ಜನ, ಅಷ್ಟೇ. ಇಷ್ಟು ಚಿಕ್ಕ ಗುಂಪಿನಿಂದ ಬಂದ ಪುಸ್ತಕ 1960ರಲ್ಲಿ ಹೊರಬಂತು. ಇಂದಿಗೂ ನಗರ ಯೋಜನೆಯ ತರಗತಿಗಳಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಮನಸ್ಸಿನೊಳಗಿನ ಊರು ಐದು ಅಂಶಗಳಿಂದ ಆಗಿದೆ ಎಂದರು ಲಿಂಚ್: ದಾರಿಗಳು, ಅಂಚುಗಳು, ಬಡಾವಣೆಗಳು, ನಾಲ್ಕು ದಾರಿ ಕೂಡುವ ತಾಣಗಳು, ಮತ್ತು ಹೆಗ್ಗುರುತುಗಳು. ನನಗೆ ಇಷ್ಟವಾದದ್ದು ಈ ಪಟ್ಟಿಗಿಂತ ಜರ್ಸಿ ಸಿಟಿಯ ಕಥೆ. ಅಲ್ಲಿನವರಿಗೆ ತಮ್ಮ ಊರಿನಲ್ಲಿ ಎದ್ದು ಕಾಣುವಂಥದ್ದನ್ನು ಹೆಸರಿಸಲು ಕಷ್ಟವಾಯಿತು. ಮತ್ತೆ ಮತ್ತೆ ಅವರು ಹೇಳಿದ್ದು ನದಿಯಾಚೆ ಕಾಣುವ ನ್ಯೂಯಾರ್ಕಿನ ಗೋಪುರಗಳ ಸಾಲನ್ನು. ಪಕ್ಕದ ಊರಿನ ಗುರುತನ್ನು ನೋಡಿಕೊಂಡು ತಮ್ಮ ಊರಿನಲ್ಲಿ ಬದುಕುವುದು! ತಮಾಷೆಯಾಗಿದೆ, ಆದರೆ ಎಷ್ಟೋ ಉಪನಗರಗಳ ಪಾಡು ಇದೇ.

ಎತ್ತರವಾಗಿದ್ದರೆ ಸಾಕಲ್ಲವೇ?

ಸಾಲದು. ಸುತ್ತಲಿನದಕ್ಕಿಂತ ಬೇರೆಯಾಗಿರಬೇಕು. ಹತ್ತು ಗೋಪುರಗಳ ನಡುವೆ ಹನ್ನೊಂದನೆಯದು ಗುರುತಾಗುವುದಿಲ್ಲ. ಹತ್ತು ಗೋಪುರಗಳ ನಡುವೆ ಉಳಿದುಕೊಂಡ ಹಂಚಿನ ಮನೆ ತಟ್ಟನೆ ಗುರುತಾಗುತ್ತದೆ.

ಇನ್ನೊಂದು ವಿಷಯವಿದೆ. ದೂರದ ಗುರುತು ಮತ್ತು ಹತ್ತಿರದ ಗುರುತು ಮಾಡುವ ಕೆಲಸಗಳು ಬೇರೆ ಬೇರೆ. ಬರ್ಲಿನ್‌ನ ಟಿವಿ ಗೋಪುರ 368 ಮೀಟರ್ ಎತ್ತರವಿದೆ, 1969ರದ್ದು. ಊರಿನ ಬಹುತೇಕ ಕಡೆಯಿಂದ ಕಾಣುವುದರಿಂದ ನೀವು ಮಧ್ಯದಿಂದ ಯಾವ ದಿಕ್ಕಿನಲ್ಲಿದ್ದೀರಿ ಎಂದು ಅದು ಹೇಳುತ್ತದೆ. ಆದರೆ "ಇಲ್ಲಿ ಎಡಕ್ಕೆ ತಿರುಗು" ಎಂದು ಹೇಳಲು ಅದರಿಂದಾಗದು. ಅದಕ್ಕೆ ತಿರುವಿನಲ್ಲೇ ಏನಾದರೂ ಇರಬೇಕು. ದಿಕ್ಕಿಗೊಂದು, ತಿರುವಿಗೊಂದು ಎರಡೂ ಇದ್ದ ಊರಿನಲ್ಲಿ ಹೊಸಬರೂ ಧೈರ್ಯವಾಗಿ ನಡೆಯುತ್ತಾರೆ.

ಎರಡನ್ನೂ ಒಂದೇ ಕಟ್ಟಡ ಮಾಡುವುದು ಅಪರೂಪ. ಫ್ಲಾರೆನ್ಸಿನ ದೊಡ್ಡ ಗುಮ್ಮಟ ಅಂಥದ್ದು. ಅದು ದೂರದ ಗುಡ್ಡದಿಂದಲೂ ಕಾಣುತ್ತದೆ, ಓಣಿಯ ತುದಿಯಲ್ಲಿ ಇದ್ದಕ್ಕಿದ್ದಂತೆ ಎದುರಿಗೂ ಬರುತ್ತದೆ.

ಗುರುತು ನೋಡಿದಾಗ ಮೆದುಳಿನಲ್ಲಿ ನಿಜವಾಗಿ ಏನಾಗುತ್ತದೆ?

1971ರಲ್ಲಿ ಲಂಡನ್ನಿನಲ್ಲಿ ಜಾನ್ ಓಕೀಫ್ ಮತ್ತು ಅವರ ಸಹಾಯಕ ಇಲಿಯ ಮೆದುಳಿನ ಹಿಪೋಕ್ಯಾಂಪಸ್ ಭಾಗದಲ್ಲಿ ವಿಚಿತ್ರ ಕೋಶಗಳನ್ನು ಗುರುತಿಸಿದರು. ಇಲಿ ಕೋಣೆಯ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಒಂದು ಕೋಶ ಚುರುಕಾಗುತ್ತದೆ, ಇನ್ನೊಂದು ಜಾಗಕ್ಕೆ ಹೋದರೆ ಇನ್ನೊಂದು ಕೋಶ. ಒಳಗೊಂದು ನಕ್ಷೆ ಇದೆ ಎಂಬುದಕ್ಕೆ ಸಿಕ್ಕ ಸುಳಿವು ಅದು. ನಾರ್ವೆಯ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ದಂಪತಿ 2005ರಲ್ಲಿ ಇದಕ್ಕೆ ಜೋಡಿಯಾದ ಜಾಲರಿಯಂಥ ಇನ್ನೊಂದು ವ್ಯವಸ್ಥೆ ಕಂಡುಹಿಡಿದರು. 2014ರಲ್ಲಿ ಮೂವರಿಗೂ ನೊಬೆಲ್ ಬಂತು.

ಇಲ್ಲಿ ನಮಗೆ ಬೇಕಾದ ಪ್ರಯೋಗ ಇನ್ನೊಂದಿದೆ. ಇಲಿಯನ್ನು ಗುಂಡಗಿನ ಪೆಟ್ಟಿಗೆಯಲ್ಲಿ ಬಿಟ್ಟು, ಗೋಡೆಗೆ ಒಂದೇ ಒಂದು ಕಾರ್ಡು ಅಂಟಿಸುತ್ತಾರೆ. ಗುಂಡಗಿನ ಗೋಡೆಗೆ ಮೂಲೆ ಇಲ್ಲ, ಆದ್ದರಿಂದ ಇಲಿಗೆ ಇರುವ ಗುರುತು ಅದೊಂದೇ. ಇಲಿಯನ್ನು ಹೊರಗೆ ತೆಗೆದು, ಕಾರ್ಡನ್ನು ಕಾಲು ಸುತ್ತು ಸರಿಸಿ, ಮತ್ತೆ ಒಳಗೆ ಬಿಟ್ಟರೆ ತಲೆಯೊಳಗಿನ ನಕ್ಷೆಯೂ ಕಾಲು ಸುತ್ತು ತಿರುಗಿರುತ್ತದೆ. ಪೆಟ್ಟಿಗೆ ಅದೇ, ನೆಲ ಅದೇ. ಇಡೀ ಲೋಕ ಒಂದು ಕಾರ್ಡಿಗೆ ನೇತುಬಿದ್ದಿರುತ್ತದೆ.

ಸುರಂಗ ರೈಲಿನ ಮೆಟ್ಟಿಲು ಹತ್ತಿ ಮೇಲೆ ಬಂದಾಗ ನನಗೆ ಆ ಇಲಿಯ ನೆನಪಾಗುತ್ತದೆ. ಅಪರಿಚಿತ ಬಾಗಿಲಿನಿಂದ ಹೊರಬಿದ್ದ ಆ ಕ್ಷಣ ಗೊತ್ತಿರುವ ರಸ್ತೆಯೂ ಗೊತ್ತಿಲ್ಲದಂತೆ ಕಾಣುತ್ತದೆ. ಅಂಗಡಿಗಳು ತಪ್ಪು ಬದಿಯಲ್ಲಿವೆ, ವಾಹನಗಳು ಉಲ್ಟಾ ಹೋಗುತ್ತಿವೆ. ಆಮೇಲೆ ಎಲ್ಲೋ ಒಂದು ಗಡಿಯಾರದ ಕಂಬ ಕಣ್ಣಿಗೆ ಬೀಳುತ್ತದೆ, ಮತ್ತು ಇಡೀ ಊರು ಕ್ಷಣಾರ್ಧದಲ್ಲಿ ಗಿರಕಿ ಹೊಡೆದು ತನ್ನ ಜಾಗದಲ್ಲಿ ಕೂರುತ್ತದೆ. ನೀವೂ ಅನುಭವಿಸಿರುತ್ತೀರಿ. ತಿರುಗುವುದು ನಾವಲ್ಲ, ಊರು.

ಇಲ್ಲವಾದ ಗುರುತಿನಿಂದಲೂ ದಾರಿ ಹೇಳಬಹುದೇ?

ಧಾರಾಳವಾಗಿ. ಇಡೀ ರಾಜಧಾನಿಯೊಂದು ಹೀಗೆ ನಡೆಯುತ್ತಿದೆ. ನಿಕರಾಗುವಾದ ಮನಾಗುವಾ ನಗರ 1972ರ ಡಿಸೆಂಬರ್ 23ರ ಭೂಕಂಪದಲ್ಲಿ ನೆಲಸಮವಾಯಿತು. ನಗರದ ಹೃದಯಭಾಗ ಹೋಯಿತು, ಆದರೆ ವಿಳಾಸಗಳು ಹೋಗಲಿಲ್ಲ. ಅಲ್ಲಿನ ವಿಳಾಸದ ಧಾಟಿ ಹೀಗಿರುತ್ತದೆ: "ಪುಟ್ಟ ಮರ ಇದ್ದಲ್ಲಿಂದ ಎರಡು ಬ್ಲಾಕು ಸರೋವರದ ಕಡೆಗೆ, ಒಂದು ಬ್ಲಾಕು ಮೇಲಕ್ಕೆ." ಆ ಮರ ಈಗಿಲ್ಲ. 'ಸರೋವರದ ಕಡೆ' ಎಂದರೆ ಉತ್ತರ. 'ಮೇಲಕ್ಕೆ' ಎಂದರೆ ಗುಡ್ಡ ಹತ್ತುವುದಲ್ಲ, ಸೂರ್ಯ ಮೇಲೇರುವ ದಿಕ್ಕು, ಅಂದರೆ ಪೂರ್ವ. 'ಕೆಳಕ್ಕೆ' ಎಂದರೆ ಪಶ್ಚಿಮ. ಪತ್ರದ ಮೇಲೂ ಹೀಗೇ ಬರೆಯುತ್ತಾರೆ, ಅಂಚೆಯವನು ತಲುಪಿಸುತ್ತಾನೆ.

ಹೊರಗಿನವರಿಗೆ ಇದು ಅವ್ಯವಸ್ಥೆ. ನನಗೆ ಹಾಗೆ ಅನ್ನಿಸುವುದಿಲ್ಲ. ಭೂಕಂಪದ ಆಮೇಲೆ ಹುಟ್ಟಿದ ಹುಡುಗನೂ ತಾನು ಎಂದೂ ನೋಡದ ಮರದಿಂದ ಎರಡು ಬ್ಲಾಕು ಎಣಿಸುತ್ತಾನೆ. ವಸ್ತು ಹೋದ ಮೇಲೂ ಜಾಗ ಉಳಿದಿದೆ, ಜಾಗದ ಹೆಸರು ಉಳಿದಿದೆ. ನಾವೂ ಬಾಗಿಲು ಮುಚ್ಚಿ ಇಪ್ಪತ್ತು ವರ್ಷವಾದ ಚಿತ್ರಮಂದಿರದ ಹೆಸರಿನಲ್ಲಿ ಬಸ್ಸಿನ ನಿಲ್ದಾಣ ಕೇಳುವುದಿಲ್ಲವೇ?

ಜನ ಮೊದಲು ಬೈದ ಕಟ್ಟಡವೇ ಆಮೇಲೆ ಊರಿನ ಮುಖವಾಗುವುದು ಹೇಗೆ?

ಐಫೆಲ್ ಗೋಪುರ ಇದಕ್ಕೆ ಸವೆದುಹೋದ ಉದಾಹರಣೆ. 1887ರಲ್ಲಿ ಪ್ಯಾರಿಸ್ಸಿನ ಹೆಸರಾಂತ ಬರಹಗಾರರು, ಕಲಾವಿದರು ಪತ್ರಿಕೆಯಲ್ಲಿ ಅದರ ವಿರುದ್ಧ ಪ್ರತಿಭಟನಾ ಪತ್ರ ಪ್ರಕಟಿಸಿದರು. 1889ರಲ್ಲಿ ಗೋಪುರ ನಿಂತಾಗ ಅದಕ್ಕಿದ್ದ ಅನುಮತಿ ಇಪ್ಪತ್ತು ವರ್ಷದ್ದು. ಅದನ್ನು ಉಳಿಸಿದ್ದು ಸೌಂದರ್ಯವಲ್ಲ, ರೇಡಿಯೋ. ಅಷ್ಟು ಎತ್ತರದ ಆಂಟೆನಾ ಕಂಬ ಸೈನ್ಯಕ್ಕೆ ಬೇಕಿತ್ತು. ಅಷ್ಟು ಹೊತ್ತಿಗೆ ಅದನ್ನು ನೋಡುತ್ತಾ ಬೆಳೆದ ಒಂದು ಪೀಳಿಗೆಯೂ ತಯಾರಾಗಿತ್ತು.

ಆದರೆ ಬೈಸಿಕೊಂಡದ್ದೆಲ್ಲ ಮೆಚ್ಚುಗೆಯಾಗುತ್ತದೆ ಎಂದುಕೊಳ್ಳಬೇಡಿ. ಅದೇ ಊರಿನಲ್ಲಿ 1973ರಲ್ಲಿ ಎದ್ದ 210 ಮೀಟರಿನ ಮೊಂಪಾರ್ನಾಸ್ ಗೋಪುರವನ್ನು ಇಂದಿಗೂ ಹೀಗಳೆಯುತ್ತಾರೆ. ಪ್ಯಾರಿಸ್ಸಿನ ಅತಿ ಸುಂದರ ನೋಟ ಅದರ ತುದಿಯಿಂದಂತೆ, ಯಾಕೆಂದರೆ ಅಲ್ಲಿಂದ ಮಾತ್ರ ಆ ಗೋಪುರ ಕಾಣುವುದಿಲ್ಲ. ಆದರೂ ದಾರಿ ಹೇಳಲು ಬಳಸುತ್ತಾರೆ. ಹೆಗ್ಗುರುತಾಗಲು ಪ್ರೀತಿ ಬೇಕೇಬೇಕು ಎಂದೇನಿಲ್ಲ.

ಒಪ್ಪಿಕೊಂಡದ್ದಕ್ಕೆ ಒಂದು ಸೂಚನೆ ಅಡ್ಡಹೆಸರು. ಲಂಡನ್ನಿನವರು ಒಂದು ಗೋಪುರವನ್ನು ಸೌತೆಕಾಯಿಗೆ, ಇನ್ನೊಂದನ್ನು ಚೀಸ್ ತುರಿಯುವ ತುರಿಮಣೆಗೆ ಹೋಲಿಸಿ ಹೆಸರಿಟ್ಟರು. ಅಧಿಕೃತ ಹೆಸರು ಕಡತದಲ್ಲಿದೆ. 'ಬಿಗ್ ಬೆನ್' ಕೂಡ ಮೂಲತಃ ಒಳಗಿನ ಗಂಟೆಯ ಹೆಸರು. ಗೋಪುರಕ್ಕೆ 2012ರಲ್ಲಿ ರಾಣಿಯ ಹೆಸರಿನಲ್ಲಿ ಎಲಿಜಬೆತ್ ಟವರ್ ಎಂದು ನಾಮಕರಣವಾಯಿತು. ಯಾರು ಹಾಗೆ ಕರೆಯುತ್ತಾರೆ?

ಒಂದು ಕಟ್ಟಡ ಬಿದ್ದರೆ ಇಡೀ ಊರು ಯಾಕೆ ಅಳುತ್ತದೆ?

ಕಟ್ಟಡ ಬಿದ್ದಾಗ ನಮ್ಮ ತಲೆಯೊಳಗಿನ ಒಂದು ಕಂಬವೂ ಬೀಳುತ್ತದೆ. ದೊಡ್ಡ ಉದಾಹರಣೆಗೆ ಮೊದಲು ಚಿಕ್ಕದು: ನಾನು ವರ್ಷಗಟ್ಟಲೆ ಎಡಕ್ಕೆ ತಿರುಗುತ್ತಿದ್ದ ಒಂದು ಮೂಲೆಯಲ್ಲಿ ದೊಡ್ಡ ಮರವಿತ್ತು. ರಸ್ತೆ ಅಗಲ ಮಾಡಲು ಕಡಿದರು. ಮಾರನೇ ದಿನ ಆ ತಿರುವು ದಾಟಿ ಅರ್ಧ ಕಿಲೋಮೀಟರ್ ಮುಂದೆ ಹೋಗಿದ್ದೆ. ಅಷ್ಟು ದಿನ ನಾನು ರಸ್ತೆ ನೋಡಿ ತಿರುಗುತ್ತಿರಲಿಲ್ಲ, ಮರದ ನೆರಳು ಮೈಮೇಲೆ ಬಿದ್ದಾಗ ತಿರುಗುತ್ತಿದ್ದೆ ಎಂದು ಅವತ್ತು ಗೊತ್ತಾಯಿತು.

ವೆನಿಸ್ಸಿನ ಸೇಂಟ್ ಮಾರ್ಕ್ ಚೌಕದ ಗಂಟೆಗೋಪುರ 1902ರ ಜುಲೈ 14ರಂದು ಬೆಳಿಗ್ಗೆ ಕುಸಿದು ಇಟ್ಟಿಗೆಯ ಗುಡ್ಡೆಯಾಯಿತು. ಹೊಸ ವಿನ್ಯಾಸದ ಗೋಪುರ ಕಟ್ಟಬಹುದಿತ್ತು. ಊರು ತೀರ್ಮಾನಿಸಿದ್ದು "ಹೇಗಿತ್ತೋ ಹಾಗೆ, ಎಲ್ಲಿತ್ತೋ ಅಲ್ಲೇ" ಎಂದು. 1912ರಲ್ಲಿ ಅದು ಮತ್ತೆ ನಿಂತಿತು. ಇಂದು ಪ್ರವಾಸಿಗರು ಪುರಾತನ ಎಂದು ಫೋಟೋ ತೆಗೆಯುವುದು ಇಪ್ಪತ್ತನೇ ಶತಮಾನದ ಕಟ್ಟಡವನ್ನು. ಬೋಸ್ನಿಯಾದ ಮೊಸ್ತಾರ್ ಊರಿನ ಹದಿನಾರನೇ ಶತಮಾನದ ಕಲ್ಲಿನ ಸೇತುವೆ 1993ರ ನವೆಂಬರಿನಲ್ಲಿ ಯುದ್ಧದ ಶೆಲ್ ದಾಳಿಗೆ ನದಿಗೆ ಬಿತ್ತು. 2004ರಲ್ಲಿ ಅದನ್ನೂ ಹಾಗೆಯೇ ಕಟ್ಟಿದರು. ಊರಿನ ಹೆಸರೇ ಸೇತುವೆ ಕಾಯುವವರಿಂದ ಬಂದದ್ದು, ಸೇತುವೆ ಇಲ್ಲದೆ ಊರಿಗೆ ಹೆಸರೂ ಸುಳ್ಳಾಗುತ್ತಿತ್ತು.

ನ್ಯೂಯಾರ್ಕ್ ಮಾತ್ರ ಕೆಡವಿ ಕಲಿಯಿತು. ಪೆನ್ಸಿಲ್ವೇನಿಯಾ ರೈಲು ನಿಲ್ದಾಣದ ಭವ್ಯ ಕಟ್ಟಡವನ್ನು 1963ರಲ್ಲಿ ಕೆಡವಲು ಶುರುಮಾಡಿದಾಗ ಎದ್ದ ಸಿಟ್ಟಿನಿಂದ 1965ರಲ್ಲಿ ಹೆಗ್ಗುರುತುಗಳ ರಕ್ಷಣೆಗೆ ಕಾನೂನು ಬಂತು. ಅದೇ ಕಾನೂನು ಮುಂದೆ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವನ್ನು ಉಳಿಸಿತು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ಕಟ್ಟಡವನ್ನಲ್ಲ, ಅದರ ನೋಟವನ್ನು ಕಾಪಾಡುವ ಕಾನೂನು ಇದೆಯೇ?

ಇದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕೆಲವು ಜಾಗಗಳಿಂದ ಕಾಣಲೇಬೇಕು ಎಂಬ ನಿಯಮವಿದೆ. ರಿಚ್ಮಂಡ್ ಪಾರ್ಕಿನ ಒಂದು ದಿಬ್ಬದಿಂದ ಸುಮಾರು 16 ಕಿಲೋಮೀಟರ್ ದೂರದ ಆ ಗುಮ್ಮಟ ಗಿಡಗಳ ನಡುವೆ ಕತ್ತರಿಸಿದ ಕಿಂಡಿಯಲ್ಲಿ ಕಾಣುತ್ತದೆ. ಮೇಲೆ ಹೇಳಿದ ತುರಿಮಣೆ ಗೋಪುರ ಒಂದು ಬದಿಗೆ ಓರೆಯಾಗಿರುವುದೂ ಶೋಕಿಗಲ್ಲ. ಫ್ಲೀಟ್ ಸ್ಟ್ರೀಟಿನಿಂದ ನೋಡಿದರೆ ಗುಮ್ಮಟದ ಹಿಂದೆ ಅದು ಇಣುಕಬಾರದು ಎಂದು ಹಾಗೆ ಹಿಂದಕ್ಕೆ ವಾಲಿದೆ.

ಫಿಲಡೆಲ್ಫಿಯಾದಲ್ಲಿ ಕಾನೂನೂ ಇರಲಿಲ್ಲ, ಬರೀ ಮಾತಿನ ಒಪ್ಪಂದ: ಸಿಟಿ ಹಾಲ್ ಮೇಲೆ ನಿಂತ, ಊರು ಸ್ಥಾಪಿಸಿದ ವಿಲಿಯಂ ಪೆನ್ ಪ್ರತಿಮೆಯ ಟೋಪಿಗಿಂತ ಎತ್ತರ ಯಾರೂ ಕಟ್ಟಬಾರದು. ಅದು 1987ರವರೆಗೆ ನಡೆಯಿತು.

ಬೆಟ್ಟ, ಸಮುದ್ರ ಇವೂ ಹೆಗ್ಗುರುತುಗಳೇ?

ಎಲ್ಲಕ್ಕಿಂತ ಗಟ್ಟಿ ಅವೇ, ಯಾರೂ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲಾರರು. ಹೊನೊಲುಲುವಿನಲ್ಲಿ ದಾರಿ ಹೇಳುವವರು ಉತ್ತರ ದಕ್ಷಿಣ ಎನ್ನುವುದಿಲ್ಲ. 'ಮೌಕಾ' ಎಂದರೆ ಬೆಟ್ಟದ ಕಡೆ, 'ಮಕಾಯ್' ಎಂದರೆ ಕಡಲ ಕಡೆ.

ಕಣ್ಣು ಕಾಣದವರಿಗೆ ಹೆಗ್ಗುರುತು ಹೇಗೆ?

ಕಣ್ಣಿರುವವರ ಊರಿಗಿಂತ ಅವರ ಊರು ಬಹುಶಃ ಹೆಚ್ಚು ವಿವರವಾಗಿರುತ್ತದೆ. ಬೇಕರಿಯ ವಾಸನೆ, ಕಮಾನಿನ ಕೆಳಗೆ ಬದಲಾಗುವ ಹೆಜ್ಜೆಯ ಸದ್ದು, ಎರಡು ಕಟ್ಟಡಗಳ ಸಂದಿಯಿಂದ ಕೆನ್ನೆಗೆ ಬಡಿಯುವ ಗಾಳಿ, ಕಾಲಡಿಯ ಇಳಿಜಾರು ಎಲ್ಲವೂ ಗುರುತು. ಪಾದಚಾರಿ ದಾರಿಯಲ್ಲಿ ಕಾಣುವ ಉಬ್ಬುಬ್ಬಾದ ಹಳದಿ ಹಾಸು ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ್ದು. 1967ರಲ್ಲಿ ಓಕಾಯಾಮಾ ನಗರದಲ್ಲಿ ಮೊದಲು ಹಾಸಿದರು. ಅದರ ಮೇಲೆ ಸ್ಕೂಟರ್ ನಿಲ್ಲಿಸುವವರು ಒಬ್ಬರ ದಾರಿಯನ್ನೇ ಅಳಿಸುತ್ತಿರುತ್ತಾರೆ.

ಸದ್ದು ಕಣ್ಣಿರುವವರಿಗೂ ಗುರುತೇ. ಲಂಡನ್ನಿನ ಬೋ ಚರ್ಚಿನ ಗಂಟೆ ಕೇಳಿಸುವಷ್ಟು ದೂರದೊಳಗೆ ಹುಟ್ಟಿದವರೇ ಅಸಲಿ 'ಕಾಕ್ನಿ', ಅಂದರೆ ಪಕ್ಕಾ ಲಂಡನ್ನಿಗರು ಎಂಬುದು ಹಳೆಯ ಲೆಕ್ಕ. ಊರಿನ ಗಡಿಯನ್ನು ಕಿವಿಯಿಂದ ಅಳೆದದ್ದು ಅದು.

ಜಿಪಿಎಸ್ ಬಂದ ಮೇಲೆ ಇದೆಲ್ಲ ಬೇಕೇ?

ತಲುಪಲು ಬೇಡ. ಊರು ಗೊತ್ತಾಗಲು ಬೇಕು. 2008ರಲ್ಲಿ ಜಪಾನಿನ ಟೋರು ಇಷಿಕಾವಾ ಮತ್ತು ಸಂಗಡಿಗರು ಜನರನ್ನು ನಡೆಸಿ ನೋಡಿದರು: ಕೆಲವರ ಕೈಯಲ್ಲಿ ಜಿಪಿಎಸ್, ಕೆಲವರ ಕೈಯಲ್ಲಿ ಕಾಗದದ ನಕ್ಷೆ, ಇನ್ನು ಕೆಲವರಿಗೆ ಒಮ್ಮೆ ಜೊತೆಯಲ್ಲಿ ನಡೆದು ದಾರಿ ತೋರಿಸಲಾಗಿತ್ತು. ಜಿಪಿಎಸ್ ಹಿಡಿದವರು ಹೆಚ್ಚು ದೂರ ನಡೆದರು, ಹೆಚ್ಚು ಸಲ ನಿಂತರು, ಆಮೇಲೆ ಬರೆದ ನಕ್ಷೆಯೂ ಅಷ್ಟಕ್ಕಷ್ಟೇ. ಇನ್ನೊಂದು ತುದಿಯಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕರಿದ್ದಾರೆ. ನಗರದ ನಡುವಿನ ಚೇರಿಂಗ್ ಕ್ರಾಸಿನಿಂದ ಸುತ್ತ ಆರು ಮೈಲಿ ದೂರದೊಳಗಿನ ಸುಮಾರು 25,000 ರಸ್ತೆಗಳನ್ನೂ ಸಾವಿರಾರು ಗುರುತುಗಳನ್ನೂ ಬಾಯಿಪಾಠ ಮಾಡಿ ಪರೀಕ್ಷೆ ಕಟ್ಟುವವರು. ಅವರ ಹಿಪೋಕ್ಯಾಂಪಸ್‌ನ ಹಿಂಭಾಗ ಇತರರದ್ದಕ್ಕಿಂತ ದೊಡ್ಡದಾಗಿರುವುದನ್ನು ಎಲಿನರ್ ಮಗ್ವೈರ್ 2000ರಲ್ಲಿ ತೋರಿಸಿದರು.

"ಮುನ್ನೂರು ಮೀಟರ್ ಆದಮೇಲೆ ಬಲಕ್ಕೆ" ಎನ್ನುವ ಯಂತ್ರದಲ್ಲಿ ನನ್ನ ತಕರಾರು ಇಷ್ಟೇ: ಮುನ್ನೂರು ಮೀಟರ್ ಎಂದರೆ ಎಷ್ಟು ಎಂದು ಯಾವ ಮನುಷ್ಯನ ಕಾಲಿಗೂ ಗೊತ್ತಿಲ್ಲ.

ವಯಸ್ಸಾದವರು, ಮರೆವು ಇರುವವರಿಗೆ ಇದರಿಂದ ಉಪಯೋಗವಿದೆಯೇ?

ತುಂಬಾ. ಬ್ರಿಟನ್ನಿನಲ್ಲಿ ಎಲಿಜಬೆತ್ ಬರ್ಟನ್, ಲಿನ್ ಮಿಚೆಲ್ ಮರೆಗುಳಿ ರೋಗವಿರುವ ಹಿರಿಯರ ಜೊತೆ ಬೀದಿಯಲ್ಲಿ ನಡೆದು ಗಮನಿಸಿದ್ದೆಂದರೆ, ಅವರು ನಕ್ಷೆ, ಬರೆದ ಫಲಕಗಳಿಗಿಂತ ಹೆಚ್ಚಾಗಿ ಕಣ್ಣಿಗೆ ರೂಢಿಯಾದ ವಸ್ತುಗಳನ್ನು ಹಿಡಿದು ಸಾಗುತ್ತಾರೆ: ಹಳೇ ಚರ್ಚು, ಅಂಚೆ ಡಬ್ಬಿ, ಟೆಲಿಫೋನ್ ಗೂಡು. ಯಾರೂ ಬಳಸದ ಟೆಲಿಫೋನ್ ಗೂಡನ್ನು ಕಿತ್ತುಹಾಕುವ ಮೊದಲು ಯೋಚಿಸಬೇಕಾದದ್ದು ಇದನ್ನು.

ದುಡ್ಡು ಸುರಿದು ಹೊಸ ಹೆಗ್ಗುರುತು ಕಟ್ಟಿದರೆ ಊರು ಬದಲಾಗುತ್ತದೆಯೇ?

ಹಾಗೆ ಕೇಳುವವರೆಲ್ಲ ಸ್ಪೇನಿನ ಬಿಲ್ಬಾವೊ ಕಡೆ ಕೈ ತೋರಿಸುತ್ತಾರೆ. 1997ರಲ್ಲಿ ಅಲ್ಲಿ ಫ್ರಾಂಕ್ ಗೆರಿ ವಿನ್ಯಾಸದ ಗುಗ್ಗನ್‌ಹೈಮ್ ವಸ್ತುಸಂಗ್ರಹಾಲಯ ತೆರೆಯಿತು, ಸೊರಗಿದ್ದ ಕೈಗಾರಿಕಾ ಊರಿಗೆ ಜಗತ್ತು ಬಂತು. ಆದರೆ ಅದಕ್ಕೆ ಎರಡು ವರ್ಷ ಮೊದಲೇ ಮೆಟ್ರೋ ಬಂದಿತ್ತು, ನದಿ ಶುದ್ಧಿ ಮಾಡುವ ಕೆಲಸ ನಡೆದಿತ್ತು. ಇದನ್ನು ಬಿಟ್ಟು ಕಟ್ಟಡವನ್ನಷ್ಟೇ ನಕಲು ಮಾಡಿದ ಊರುಗಳಿಗೆ ಸಿಕ್ಕಿದ್ದು ಸೆಲ್ಫಿ ಜಾಗ. ಬಿಲ್ಬಾವೊದಲ್ಲೇ ನೋಡಿ, ನಾರ್ಮನ್ ಫೋಸ್ಟರ್ ರೂಪಿಸಿದ ಮೆಟ್ರೋದ ಗಾಜಿನ ಬಾಗಿಲುಗಳಿಗೆ ಜನ ಮುದ್ದಾಗಿ 'ಫೋಸ್ಟೆರಿತೊ' ಎಂದು ಹೆಸರಿಟ್ಟಿದ್ದಾರೆ. ದಿನವೂ ಇಳಿದು ಹತ್ತುವ ಬಾಗಿಲು ಅದು.

ಹೊಸ ಊರು ಬೇಗ ಪರಿಚಯವಾಗಲು ಏನು ಮಾಡಬೇಕು?

ಮೊದಲ ದಿನ ದೂರದಿಂದ ಕಾಣುವ ಒಂದನ್ನು ಆರಿಸಿಕೊಳ್ಳಿ, ನೀವಿರುವ ಜಾಗದಿಂದ ಅದು ಯಾವ ಕಡೆ ಎಂದು ನೆನಪಿಡಿ. ತಿರುವಿನಲ್ಲೆಲ್ಲ ಒಮ್ಮೆ ಹಿಂದಿರುಗಿ ನೋಡಿ. ಹೋಗುವಾಗ ಕಂಡ ಮುಖವೇ ಬರುವಾಗ ಕಾಣುವುದಿಲ್ಲ, ದಾರಿ ತಪ್ಪುವುದು ಬಹುಪಾಲು ವಾಪಸ್ ಬರುವಾಗಲೇ. ರಾತ್ರಿಯೂ ಒಮ್ಮೆ ನಡೆಯಿರಿ, ಹಗಲಿನ ಗುರುತುಗಳಲ್ಲಿ ಅರ್ಧ ಕತ್ತಲಲ್ಲಿ ಕರಗಿರುತ್ತವೆ.

ದಾರಿ ಸರಿಯಾಗಿ ಹೇಳುವುದು ಹೇಗೆ?

ಕೇಳುವವರು ಎತ್ತ ಮುಖ ಮಾಡಿ ನಿಂತಿದ್ದಾರೆ ಎಂದು ಮೊದಲು ಕೇಳಿ. ಲಂಡನ್ನಿನ ಬೀದಿಗಳಲ್ಲಿ ಪಾದಚಾರಿಗಳಿಗೆ ಹಾಕಿರುವ ನಕ್ಷೆಯ ಫಲಕಗಳಲ್ಲಿ ಉತ್ತರ ಮೇಲಿರುವುದಿಲ್ಲ, ನೋಡುವವರ ಎದುರಿಗಿರುವುದು ಮೇಲಿರುತ್ತದೆ, ಅದು ಸರಿಯಾದ ಕ್ರಮ. ಮೂರಕ್ಕಿಂತ ಹೆಚ್ಚು ಗುರುತು ಹೇಳಬೇಡಿ, ನಾಲ್ಕನೆಯದು ಹೇಳುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ನಿಲ್ಲಿಸಿದ ಕೆಂಪು ಕಾರು, ಮಲಗಿದ ನಾಯಿ ಇವನ್ನು ಗುರುತಾಗಿ ಕೊಡಬೇಡಿ (ನಗಬೇಡಿ, ಕೊಟ್ಟವರಿದ್ದಾರೆ). ಕೊನೆಯದಾಗಿ, ತಿರುವು ದಾಟಿದ ಮೇಲೆ ಸಿಗುವ ಒಂದು ಗುರುತನ್ನೂ ಹೇಳಿಬಿಡಿ: "ಪೆಟ್ರೋಲ್ ಬಂಕ್ ಕಂಡರೆ ಮುಂದೆ ಬಂದುಬಿಟ್ಟಿದ್ದೀರಿ ಅಂತ, ಅಲ್ಲೇ ವಾಪಸ್ ತಿರುಗಿ."